ಸೋಫಾದ ಮೇಲೊಂದು ಡ್ರೈವಿಂಗ್ ಟೆಸ್ಟ್

ಮಾಡಿದ ಕೆಲಸಕ್ಕೆ ಹೊಣೆ ಹೊರುವುದೇ ನಾಗರಿಕತೆಯ ಬುನಾದಿ. ಆ ಬುನಾದಿ ಅಲುಗಿದ ದಿನ ಮನುಷ್ಯಕುಲಕ್ಕೆ ಉಳಿಗಾಲವಿಲ್ಲ. ಈ ಘನವಾದ ವಿಚಾರ ನನಗೆ ಹೊಳೆದದ್ದು ಮಂಗಳೂರಿನ ಬಿಜೈಯ ನಮ್ಮ ಫ್ಲಾಟಿನ ಸೋಫಾದ ಮೇಲೆ, ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಟಿವಿಯಲ್ಲಿ ನಾನೇ ಮಗುಚಿ ಹಾಕಿದ್ದ ಒಂದು ಹಳದಿ ಕಾರನ್ನು ನೋಡುತ್ತಾ ಕುಳಿತಿದ್ದಾಗ.

ಕಾರಿನ ನಾಲ್ಕೂ ಚಕ್ರಗಳು ಆಕಾಶ ನೋಡುತ್ತಿದ್ದವು. ಒಂದು ಮಾತ್ರ ಇನ್ನೂ ತಿರುಗುತ್ತಿತ್ತು. ಬೇಲಿ ಮುರಿದಿತ್ತು, ಯಾರದೋ ದ್ರಾಕ್ಷಿ ತೋಟದ ಎರಡು ಸಾಲು ನೆಲಸಮವಾಗಿತ್ತು. ನಾನು ಅಭ್ಯಾಸಬಲದಿಂದ ಮುಂದಿನ ಕ್ರಮಗಳನ್ನು ಯೋಚಿಸತೊಡಗಿದ್ದೆ. ಪೊಲೀಸರು ಬರಬೇಕು, ಸ್ಥಳ ಮಹಜರು ಆಗಬೇಕು, ತೋಟದ ಮಾಲೀಕ ಯಾರೆಂದು ತಿಳಿಯಬೇಕು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಕ್ಕನ ಮಗಳು ಕೈ ಚಾಚಿ ನನ್ನ ಕಂಟ್ರೋಲರಿನ ಒಂದು ಗುಂಡಿ ಒತ್ತಿದಳು. ಕಾರು ಗಾಳಿಯಲ್ಲಿ ಹಿಮ್ಮುಖವಾಗಿ ಪಲ್ಟಿ ಹೊಡೆದು ರಸ್ತೆಗೆ ಬಂದು ನಿಂತಿತು. ಬೇಲಿ ತಾನಾಗಿ ಕೂಡಿಕೊಂಡಿತು. ದ್ರಾಕ್ಷಿ ಬಳ್ಳಿಗಳು ಏನೂ ಆಗದವರ ಹಾಗೆ ತಲೆಯೆತ್ತಿದವು.

"ಇದೆಂತ?" ಎಂದೆ.

"ರಿವೈಂಡ್, ಮಾಮ. ತಪ್ಪಾದ್ರೆ ಹಿಂದೆ ಹೋಗ್ಲಿಕ್ಕೆ."

"ಎಷ್ಟು ಸಲ?"

"ಎಷ್ಟು ಸಲ ಬೇಕಾದ್ರೂ."

ನಾನು ನಿವೃತ್ತ ವಕೀಲ. ಮಂಗಳೂರಿನ ಕೋರ್ಟಿನಲ್ಲಿ ಇಡೀ ಆಯುಷ್ಯ ಮೋಟಾರು ಅಪಘಾತದ ಕೇಸುಗಳನ್ನೇ ನಡೆಸಿದವನು. ಘಾಟಿಯಲ್ಲಿ ಉರುಳಿದ ಲಾರಿ, ತಿರುವಿನಲ್ಲಿ ಸ್ಕೂಟರಿಗೆ ತಾಗಿದ ಬಸ್ಸು, ಯಾರು ಎಡಕ್ಕಿದ್ದರು, ಯಾರು ಹಾರ್ನ್ ಹೊಡೆಯಲಿಲ್ಲ, ಇವೇ ನನ್ನ ಅನ್ನ. ನನ್ನ ಎದುರು ಕುಳಿತವರಲ್ಲಿ ಹೆಚ್ಚಿನವರು ಬಯಸುತ್ತಿದ್ದದ್ದು ಒಂದೇ, ಆ ಒಂದು ಕ್ಷಣ ಹಿಂದಕ್ಕೆ ಹೋಗಬೇಕು ಎಂದು. ಅದು ಸಾಧ್ಯವಿಲ್ಲ ಎಂಬುದರ ಮೇಲೆ ನ್ಯಾಯಶಾಸ್ತ್ರದ ಒಂದು ಇಡೀ ವಿಭಾಗ ನಿಂತಿದೆ. ಈ ಆಟ ಮಾಡಿದ ಯಾವನೋ ಅದನ್ನು ಹೆಬ್ಬೆರಳಿನ ಅಡಿಯಲ್ಲಿ ಒಂದು ಗುಂಡಿಯಾಗಿ ಇಟ್ಟುಬಿಟ್ಟಿದ್ದಾನೆ. ಅವನಿಗೆ ನಾಚಿಕೆಯಾಗಬೇಕಿತ್ತು. ಆದ ಹಾಗೆ ಕಾಣುವುದಿಲ್ಲ.

ನಾನು ಈ ಸೋಫಾಕ್ಕೆ ಬಂದು ಬಿದ್ದ ಕಾರಣವನ್ನು ಹೇಳಬೇಕು. ಜೆಪ್ಪುವಿನ ಒಂದು ಓಣಿಯಲ್ಲಿ ನನ್ನ ಕಾರು, ನಿಂತಿದ್ದ ಒಂದು ಸ್ಕೂಟರಿಗೆ ತಾಗಿತು. ಸ್ಕೂಟರಿನ ಮೇಲೆ ಯಾರೂ ಇರಲಿಲ್ಲ. ಅದರ ಕನ್ನಡಿ ಮುರಿಯಿತು. ಸ್ಕೂಟರಿನ ಯಜಮಾನ ಹೊರಗೆ ಬಂದಾಗ ನಾನು ಅವನಿಗೆ, ಓಣಿಯ ಬಾಯಲ್ಲಿ ವಾಹನ ನಿಲ್ಲಿಸುವುದು ಎಂಥ ನಿರ್ಲಕ್ಷ್ಯವೆಂದು ಕಾನೂನಿನ ಆಧಾರ ಸಮೇತ ವಿವರಿಸಿದೆ. ಕೊನೆಗೆ ಕನ್ನಡಿ ಮುರಿದದ್ದು ಅವನದು, ಕ್ಷಮೆ ಕೇಳಿದವನೂ ಅವನೇ. ಇದು ನನ್ನ ಗೆಲುವೆಂದು ಮನೆಗೆ ಬಂದು ಹೇಳಿದ್ದೇ ತಪ್ಪಾಯಿತು. ಅಕ್ಕನ ಮಗಳು ಎದ್ದು, ಮೊಳೆಗೆ ತೂಗುಹಾಕಿದ್ದ ಕಾರಿನ ಕೀಯನ್ನು ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಅವಳು ದಂತವೈದ್ಯೆ. ಕ್ಲಿನಿಕ್ಕು ಇಲ್ಲೇ ಬಿಜೈಯಲ್ಲಿರುವುದರಿಂದ ನನ್ನ ಜೊತೆಗೇ ಇದ್ದಾಳೆ. ಹಗಲಿಡೀ ಜನರ ಬಾಯಿ ತೆರೆಸುವವಳಾದ್ದರಿಂದ ಮನೆಯಲ್ಲಿ ಬಾಯಿ ಮುಚ್ಚಿಸುವುದನ್ನೂ ಬಲ್ಲಳು.

ಹೊರಗಿನವರಿಗೆ ಇದೊಂದು ಕೀ. ನಮಗೆ ಹಾಗಲ್ಲ. ನಮ್ಮದು ಅಳಿಯಕಟ್ಟಿನ, ಅಂದರೆ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಇಳಿಯುವ ಮನೆತನ. ಹಿಂದೆ ಸೋದರಮಾವನೆಂದರೆ ಮನೆಯ ಯಜಮಾನ. ಗದ್ದೆ, ಮದುವೆ, ವ್ಯಾಜ್ಯ ಎಲ್ಲಕ್ಕೂ ಅವನದೇ ಕೊನೆಯ ಮಾತು. ಗದ್ದೆ ಭೂಸುಧಾರಣೆಯಲ್ಲಿ ಹೋಯಿತು. ಮದುವೆಯನ್ನು ಮಕ್ಕಳು ತಾವೇ ಮಾಡಿಕೊಂಡು ನಂತರ ತಿಳಿಸುತ್ತಾರೆ. ಆ ಮಹಾ ಅಧಿಕಾರದಲ್ಲಿ ನನ್ನ ಪಾಲಿಗೆ ಉಳಿದದ್ದು ಬಜಪೆ ಡ್ಯೂಟಿ ಒಂದೇ. ಮುಂಬಯಿಯಿಂದಲೋ ದುಬೈಯಿಂದಲೋ ಕುಟುಂಬದ ಯಾರೇ ವಿಮಾನದಲ್ಲಿ ಬಂದಿಳಿಯಲಿ, ಬಜಪೆ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ನಾನು ನಿಂತಿರಬೇಕು. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ, ಗುಡ್ಡದ ತಿರುವುಗಳನ್ನು ಇಳಿಸಿ, ಊರಿನ ಸುದ್ದಿ ಹೇಳುತ್ತಾ ಮನೆ ಮುಟ್ಟಿಸಬೇಕು. ನಮ್ಮವರು ಯಾರೂ ಬಜಪೆಯಲ್ಲಿ ಟ್ಯಾಕ್ಸಿ ಹತ್ತಿದ್ದಿಲ್ಲ. ಬರುವ ಭಾನುವಾರ ನನ್ನ ಅಕ್ಕ, ಅಂದರೆ ಈ ದಂತವೈದ್ಯೆಯ ತಾಯಿ, ಮುಂಬಯಿಯಿಂದ ಬರುವವಳಿದ್ದಳು. ಅವಳು ಹೊರಗೆ ಬಂದಾಗ ನಾನು ಸ್ಟಿಯರಿಂಗಿನ ಹಿಂದೆ ಇಲ್ಲದಿದ್ದರೆ, ನಾನು ಮತ್ತೆ ಯಾರಾಗಿ ಉಳಿದೆ?

"ನನ್ನ ಕಣ್ಣೂ ಸರಿ ಉಂಟು, ಕೈಯೂ ಸರಿ ಉಂಟು. ಬೇಕಾದ್ರೆ ಪರೀಕ್ಷೆ ಮಾಡು. ಯಾವ ಪರೀಕ್ಷೆಯಾದ್ರೂ ಆದೀತು," ಎಂದೆ.

'ಯಾವುದಾದರೂ' ಎಂಬ ಮಾತನ್ನು ಕೋರ್ಟಿನಲ್ಲಿ ನಾನು ಒಂದು ದಿನವೂ ಆಡಿದವನಲ್ಲ. ಅವಳು ಟಿವಿಯ ಕೆಳಗಿದ್ದ ತನ್ನ ಆಟದ ಪೆಟ್ಟಿಗೆಯ ಕಡೆ ನೋಡಿದಳು.

"ಯಾವುದಾದ್ರೂ?"

"ಎಂತ, ಇದಾ? ಇದು ಮಕ್ಕಳ ಆಟ ಅಲ್ವಾ?"

"ಹಾಗಾದ್ರೆ ನಿಮಗೆ ಸುಲಭ ಆಗ್ತದೆ."

ಷರತ್ತುಗಳನ್ನು ಅವಳೇ ಹೇಳಿದಳು. ಶನಿವಾರ ಸಂಜೆ ಒಂದೇ ಒಂದು ರೇಸು, ಗುಡ್ಡದ ರಸ್ತೆಯದ್ದು. ಗೆಲ್ಲಬೇಕೆಂದಿಲ್ಲ. ಯಾರಿಗೂ, ಯಾವುದಕ್ಕೂ ತಾಗದೆ ಮುಗಿಸಿದರೆ ಸಾಕು. ರಿವೈಂಡ್ ಗುಂಡಿ ಮುಟ್ಟುವ ಹಾಗಿಲ್ಲ. ತಾಗಿದರೆ ಕೀ ಅವಳ ಬ್ಯಾಗಿನಲ್ಲೇ ಇರುತ್ತದೆ. ತೀರ್ಪು ಕೊಡಲು ಎದುರು ಫ್ಲಾಟಿನ ನರ್ಸಮ್ಮ, ನಮ್ಮೆಲ್ಲರ ಬಾಯಲ್ಲಿ ಸಿಸ್ಟರ್. ನಾನು ಒಪ್ಪಿದೆ. ಒಪ್ಪದೆ ಬೇರೆ ಉಪಾಯವಿರಲಿಲ್ಲ.

ಹೀಗೆ ಒಂದು ವಾರದ ಮಟ್ಟಿಗೆ ನಾನು ಆಟಗಾರನಾದೆ. ಆ ವಾರದಲ್ಲಿ ಕಂಡದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಪ್ರಾಯದ ಇನ್ನೊಬ್ಬರು ಎಚ್ಚೆತ್ತುಕೊಂಡರೆ ಅಷ್ಟೇ ಪುಣ್ಯ.

ಮೊದಲನೆಯದಾಗಿ, ಆಟ ಆಡಬೇಕೆಂದರೆ ಆಡಲು ಬಿಡುವುದಿಲ್ಲ. ಪೆಟ್ಟಿಗೆಯನ್ನು ಚಾಲು ಮಾಡಿದ ಕೂಡಲೇ 'ಅಪ್‌ಡೇಟ್ ಆಗುತ್ತಿದೆ' ಎಂದು ಒಂದು ಪಟ್ಟಿ ತೆವಳತೊಡಗುತ್ತದೆ. ಹಣ ಕೊಟ್ಟು ಮನೆಗೆ ತಂದ ವಸ್ತು ಪೂರ್ತಿಯಾಗಿಲ್ಲ, ಇನ್ನೂ ತಯಾರಾಗುತ್ತಿದೆ ಎಂದು ಅದರ ಅರ್ಥ. ಹೋಟೆಲಿನಲ್ಲಿ ಮಸಾಲೆ ದೋಸೆ ತಂದಿಟ್ಟು, 'ಪಲ್ಯ ಆಮೇಲೆ ಬರ್ತದೆ, ಅಲ್ಲಿಯವರೆಗೆ ಮುಟ್ಟಬೇಡಿ' ಎಂದರೆ ನಾವು ಸುಮ್ಮನಿರುತ್ತೇವೆಯೇ? ಪಟ್ಟಿ ತುದಿ ಮುಟ್ಟುವ ಹೊತ್ತಿಗೆ ಕರೆಂಟು ಹೋಯಿತು. ಬಂದ ಮೇಲೆ ಪಟ್ಟಿ ಮತ್ತೆ ಮೊದಲಿನಿಂದ ತೆವಳಿತು.

ಅದು ಮುಗಿದರೆ ಒಪ್ಪಂದಪತ್ರ. ಪುಟದ ಮೇಲೆ ಪುಟ, ಇರುವೆ ಸಾಲಿನಂಥ ಅಕ್ಷರ, ಕೊನೆಯಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿ. ನಾನು ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಕುರ್ಚಿ ಎಳೆದು ಓದಲು ಕುಳಿತೆ. ಮಧ್ಯಾಹ್ನದ ಊಟಕ್ಕೆ ಬಂದ ಸೊಸೆ (ನಮ್ಮಲ್ಲಿ ಅಕ್ಕನ ಮಗಳೆಂದರೆ ಸೊಸೆಯೇ) ಕೇಳಿದಳು.

"ಮಾಮ, ನೀವು ಅದನ್ನು ಓದ್ತಾ ಇದ್ದೀರಾ?"

"ಮತ್ತೆ? ಓದದೆ ಸಹಿ ಮಾಡುವುದಾ?"

"ಅದನ್ನು ಯಾರೂ ಓದುವುದಿಲ್ಲ. ಬರೆದವರೂ ಓದಿರ್ಲಿಕ್ಕಿಲ್ಲ."

ನಾನು ಓದಿದೆ. ಜಗತ್ತಿನಲ್ಲಿ ಅದನ್ನು ಪೂರ್ತಿ ಓದಿದವನು ನಾನೊಬ್ಬನೇ ಎಂದು ನಂಬಿದ್ದೇನೆ. ಅದರ ಸಾರಾಂಶ ಹೀಗಿದೆ: ಆಟ ನಿಮ್ಮದಲ್ಲ, ನಾವು ಬೇಕಾದಾಗ ಕಿತ್ತುಕೊಳ್ಳುತ್ತೇವೆ, ತಕರಾರಿದ್ದರೆ ನಮ್ಮ ಊರಿಗೆ ಬಂದು ಹೇಳಿ. ಹಳೆಯ ಕಾಲದ ಯಾವ ಭೂಮಾಲೀಕನೂ ಒಕ್ಕಲಿಗೆ ಇಂಥ ಚೀಟಿ ಬರೆಸಿರಲಾರ. ಬರೆಸಿದ್ದರೆ ನಮ್ಮ ಮನೆತನದ ಗದ್ದೆಗಳು ಇನ್ನೂ ಉಳಿದಿರುತ್ತಿದ್ದವು. ಹಲವು ಷರತ್ತುಗಳಿಗೆ ನನ್ನ ಆಕ್ಷೇಪವಿತ್ತು. ಆಕ್ಷೇಪ ಸಲ್ಲಿಸಲು ಗುಂಡಿ ಇರಲಿಲ್ಲ. ಒಪ್ಪಿದೆ.

ಇನ್ನು ರೇಸು. ಚಿತ್ರವೇನೋ ಚೆನ್ನಾಗಿದೆ, ಸುಳ್ಳು ಹೇಳಬಾರದು. ಮಳೆ ಬಂದು ನಿಂತ ರಸ್ತೆಯಲ್ಲಿ ಮೋಡದ ನೆರಳು ಕಾಣುತ್ತದೆ. ಗಾಜಿನ ಮೇಲೆ ಬಿದ್ದ ಹನಿ ವೇಗ ಹೆಚ್ಚಿದಂತೆ ಓರೆಯಾಗಿ ಓಡುತ್ತದೆ. ಇದನ್ನೆಲ್ಲ ಇಷ್ಟು ಕಣ್ಣಿಟ್ಟು ಮಾಡಿದವರಿಗೆ ರಸ್ತೆಯೆಂದರೆ ಏನೆಂದು ಮಾತ್ರ ಗೊತ್ತಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ರಸ್ತೆ ದಾಟುವ ಒಬ್ಬ ಮನುಷ್ಯ ಇಲ್ಲ. ಹಾಲಿನವನಿಲ್ಲ, ಶಾಲೆ ಬಿಟ್ಟ ಮಕ್ಕಳಿಲ್ಲ, ದನ ಇಲ್ಲ. ರಸ್ತೆ ಬದಿಯ ದೀಪದ ಕಂಬಕ್ಕೆ ಗುದ್ದಿದರೆ ಅಂಕ ಕೊಡುತ್ತಾರೆ. ಕೈತಪ್ಪಿ ಬರೆದದ್ದಲ್ಲ, ಸರಿಯಾಗಿಯೇ ಓದಿದಿರಿ, ಅಂಕ. ಸಾಲಾಗಿ ಕಂಬ ಬೀಳಿಸುತ್ತಾ ಹೋದರೆ ಅಂಕ ದುಪ್ಪಟ್ಟಾಗುತ್ತದೆ, ಒಬ್ಬ ಹೆಂಗಸಿನ ಧ್ವನಿ 'ಅದ್ಭುತ' ಎನ್ನುತ್ತದೆ. ನನ್ನ ಹತ್ತಿರ ಕಂಬಕ್ಕೆ ಗುದ್ದಿ ಬಂದವರಿಗೆ ಯಾರೂ ಅದ್ಭುತ ಎಂದದ್ದಿಲ್ಲ.

ಇನ್ನು ಉಳಿದ ಕಾರುಗಳ ನಡತೆಯ ವಿಚಾರ. ನಮ್ಮ ಸಿಟಿ ಬಸ್ಸುಗಳ ಬಗ್ಗೆ ನಾನು ಕೋರ್ಟಿನಲ್ಲಿ ಏನೆಲ್ಲ ಹೇಳಿದ್ದೇನೋ ಅದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧನಿದ್ದೇನೆ. ಒಂದೇ ರೂಟಿನ ಎರಡು ಬಸ್ಸುಗಳು ಒಂದರ ಹಿಂದೊಂದು ಬಂದಾಗ ಅವುಗಳ ನಡುವೆ ಏನಾಗುತ್ತದೆಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಆದರೂ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ. 'ನಾನು ತಪ್ಪು ಮಾಡಲು ಬರುತ್ತಿದ್ದೇನೆ, ದಯವಿಟ್ಟು ಸರಿಯಿರಿ' ಎಂದು ತಿಳಿಸುವ ಸೌಜನ್ಯ ಅವನಲ್ಲಿದೆ. ಆಟದ ಕಾರುಗಳಲ್ಲಿ ಅದೂ ಇಲ್ಲ. ನಾನು ತಿರುವಿಗೆ ಮೊದಲು ಹಾರ್ನ್ ಹೊಡೆಯುತ್ತೇನೆ, ಬ್ರೇಕು ಹಿಡಿಯುತ್ತೇನೆ, ನನ್ನ ಬದಿಯಲ್ಲೇ ಇರುತ್ತೇನೆ. ಹಿಂದಿನಿಂದ ಬಂದವನು ನನ್ನನ್ನೇ ಗೋಡೆಯೆಂದು ತಿಳಿದು, ನನಗೆ ಒರಗಿ ತಿರುವು ತೆಗೆದುಕೊಳ್ಳುತ್ತಾನೆ. ಘಾಟಿಯಲ್ಲಿ ಹತ್ತಿ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ಲೋಕಪ್ರಸಿದ್ಧ ನಿಯಮದಂತೆ ನಾನೊಮ್ಮೆ ಪಕ್ಕಕ್ಕೆ ನಿಲ್ಲಿಸಿದೆ. ಸೊಸೆ ಮುಖ ಮುಚ್ಚಿಕೊಂಡಳು.

"ಮಾಮ, ಅದು ರೇಸ್."

"ರೇಸಾದ್ರೆ? ರಸ್ತೆ ಅಲ್ವಾ?"

ಬುಧವಾರದ ಹೊತ್ತಿಗೆ ನನ್ನ ಸ್ಥಿತಿ ನೋಡಿ ಸಿಸ್ಟರಿಗೆ ಕನಿಕರ ಬಂತು. ಇವರು ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾಗಿ ಬಂದವರು. ಮನೆಮಾತು ಕೊಂಕಣಿ, ನಮ್ಮದು ತುಳು, ಬಾಗಿಲಲ್ಲಿ ನಿಂತು ಆಡುವ ಮಾತೆಲ್ಲ ಕನ್ನಡದಲ್ಲಿ. ಮಾವಿನ ಮಿಡಿ ಉಪ್ಪಿನಕಾಯಿಗೂ ಚರ್ಚಿನ ಭಾನುವಾರದ ಪೂಜೆಗೂ ಹೆಸರಾದ ಈ ಮಹಿಳೆ ಮಧ್ಯಾಹ್ನ ಬಂದೂಕು ಹಿಡಿಯುತ್ತಾರೆಂದು ನನಗೆ ತಿಳಿದದ್ದು ಅಂದೇ.

"ವಕೀಲ್ರೇ, ನಿಮ್ಮ ಬೆರಳು ನಿದ್ದೆಯಲ್ಲಿ ಉಂಟು. ಶೂಟಿಂಗ್ ಆಡಿ. ಬೆರಳು ಓಡ್ತದೆ."

"ನಾನು ಯಾರನ್ನೂ ಕೊಲ್ಲುವುದಿಲ್ಲ ಸಿಸ್ಟರ್."

"ಕೊಲ್ಲುವುದು ಬಿಡಿ ಮಾರಾಯ್ರೆ. ಮೊದಲು ಸಾಯದೆ ಇರಿ."

ಸಿಸ್ಟರ್ ಅವರ ಮಗ ಈಗ ಕುವೈತಿನಲ್ಲೇ ಕೆಲಸದಲ್ಲಿದ್ದಾನೆ. ಅವನ ರಜೆಯ ದಿನಗಳಲ್ಲಿ ತಾಯಿ ಮಗ ಇಬ್ಬರೂ ಟಿವಿಯ ಈ ಯುದ್ಧದಾಟದಲ್ಲಿ ಭೇಟಿಯಾಗುತ್ತಾರೆ. ಸಿಸ್ಟರ್ ಕಿವಿಗೆ ಹೆಡ್‌ಫೋನ್ ಹಾಕಿ, ಮೈಕು ಬಾಯಿಗೆ ತಂದುಕೊಂಡು, ವಿಮಾನದಿಂದ ಧುಮುಕಿದರು. ಸುತ್ತ ಗುಂಡಿನ ಮಳೆ. "ಪುತಾ, ಜೆವ್ಲೊಯ್‌ಗೀ?" ಎಂದು ಕೇಳಿದರು. ಊಟ ಆಯಿತೇ ಮಗಾ ಎಂದು. ಅವನು ಒಂದು ಕೊಠಡಿಯೊಳಗೆ ಬಾಂಬು ಎಸೆದು, ಊಟ ಆಯಿತೆಂದು ಹೇಳಿದ. ಏನು ಊಟ ಎಂದು ಕೇಳಿದ್ದಕ್ಕೆ ಸ್ವಲ್ಪ ತಡೆದು ಬ್ರೆಡ್ಡು ಎಂದ. ಸಿಸ್ಟರ್ ನಿಟ್ಟುಸಿರು ಬಿಟ್ಟು ಗೋಡೆಯ ಮರೆಗೆ ಸರಿದರು.

ಆಮೇಲೆ ಗಮನಿಸಿದೆ, ಇವರು ಗುಂಡೇ ಹಾರಿಸುವುದಿಲ್ಲ. ಬಂದೂಕನ್ನು ಕೊಡೆಯ ಹಾಗೆ ಹಿಡಿದುಕೊಂಡು, ಬಿದ್ದವರಲ್ಲಿಗೆ ಓಡಿ ಇಂಜೆಕ್ಷನ್ ಚುಚ್ಚಿ ಎಬ್ಬಿಸುತ್ತಾರೆ. ಈ ಆಟದಲ್ಲಿ ಗಾಯಗೊಂಡವನು ಪೂರ್ತಿ ಸಾಯುವ ಮೊದಲು ಜೊತೆಗಾರರು ಹಾಗೆ ಎಬ್ಬಿಸಬಹುದಂತೆ. ಅವರ ಪಂಗಡದ ಇಬ್ಬರು ಒಟ್ಟಿಗೆ ಬಿದ್ದರು. ಒಬ್ಬ ಯಾವುದೋ ಭಾಷೆಯಲ್ಲಿ ಕಿರುಚಿ ಕರೆಯುತ್ತಿದ್ದ. ಸಿಸ್ಟರ್ ಅವನನ್ನು ದಾಟಿ ಇನ್ನೊಬ್ಬನ ಹತ್ತಿರ ಹೋದರು.

"ಆ ಪಾಪದವನು ಕರೀತಾ ಇದ್ದಾನಲ್ಲ ಸಿಸ್ಟರ್."

"ಕಿರುಚುವವನು ಇನ್ನೂ ಸ್ವಲ್ಪ ಹೊತ್ತು ಇರ್ತಾನೆ. ಸುಮ್ನೆ ಬಿದ್ದವನನ್ನು ಮೊದಲು ನೋಡ್ಬೇಕು."

ಅವನು ಅವರ ಮಗನೇ ಆಗಿದ್ದ. ಸುಮ್ಮನೆ ಬಿದ್ದದ್ದು ಯಾಕೆಂದರೆ ಬ್ರೆಡ್ಡಿನ ವಿಚಾರ ಮತ್ತೆ ಬರಬಾರದೆಂದು ಮೈಕು ಮುಚ್ಚಿದ್ದನಂತೆ.

ನನ್ನ ಸರದಿ ಬಂತು. ಈ ಯುದ್ಧದ ಮೇಲೆ ನನ್ನ ಮೂಲ ಆಕ್ಷೇಪ, ಇದಕ್ಕೆ ವ್ಯಾಜ್ಯ ಕಾರಣವೇ ಇಲ್ಲ ಎಂಬುದು. ಯಾರು ಯಾರ ಮೇಲೆ, ಯಾತಕ್ಕಾಗಿ, ಒಂದೂ ಇಲ್ಲ. ಯಕ್ಷಗಾನದಲ್ಲಿ ರಾಕ್ಷಸನಾದರೂ ರಂಗಕ್ಕೆ ಬಂದ ಮೇಲೆ ತಾನು ಯಾರು, ಯಾವ ಲೋಕದಿಂದ ಬಂದೆ, ಉದ್ದೇಶವೇನು ಎಂದು ಭಾಗವತರ ಎದುರು ವಿವರವಾಗಿ ಹೇಳಿಕೊಂಡು, ಆಮೇಲೆ ಹೊಡೆಯಲು ಹೋಗುತ್ತಾನೆ. ಇಲ್ಲಿ ಗುಲಾಬಿ ಬಣ್ಣದ ಕೋಳಿಯ ವೇಷ ಹಾಕಿದ ಒಬ್ಬ ಪರಿಚಯ ಹೇಳದೆ ನನ್ನ ತಲೆಗೆ ಗುಂಡು ಹೊಡೆದ. ಕೋಳಿಯ ವೇಷವನ್ನು ಬೇರೆ ಹಣ ಕೊಟ್ಟು ಕೊಳ್ಳುತ್ತಾರಂತೆ. ಕೊಂದ ಮೇಲೆ ನನ್ನ ಹೆಣದ ಪಕ್ಕದಲ್ಲಿ ಕುಣಿದ. ಅದಕ್ಕೂ ಹಣ ಕೊಟ್ಟಿದ್ದನೆಂದು ಸಿಸ್ಟರ್ ಹೇಳಿದರು.

ಅಷ್ಟು ಸಾಲದೆಂಬಂತೆ, ಸತ್ತ ಮೇಲೆ ಕೊಂದವನ ಕಣ್ಣಿನಿಂದ ಕೊಲೆಯನ್ನು ಮತ್ತೊಮ್ಮೆ ತೋರಿಸುತ್ತಾರೆ. ನಾನು ಬಾಗಿಲ ಬಳಿ ನಿಂತು ಬೇರೆ ಕಡೆ ನೋಡುತ್ತಿರುವುದು, ಕೋಳಿ ಎಡಗಡೆಯಿಂದ ಆರಾಮವಾಗಿ ನಡೆದು ಬರುವುದು, ನಾನು ಆಗಲೂ ಬೇರೆ ಕಡೆ ನೋಡುತ್ತಿರುವುದು. ಇಷ್ಟು ಸ್ವಚ್ಛವಾದ ಪ್ರತ್ಯಕ್ಷ ಸಾಕ್ಷ್ಯಕ್ಕಾಗಿ ನಾನು ಜೀವಮಾನವಿಡೀ ಹಂಬಲಿಸಿದ್ದೆ. ಸಿಕ್ಕಿದ್ದು ಹೀಗೆ, ನಾನೇ ಸತ್ತ ಮೇಲೆ, ಯಾವ ಪ್ರಯೋಜನಕ್ಕೂ ಬಾರದಂತೆ.

"ಎಡಗಡೆ ನೋಡಿ ವಕೀಲ್ರೇ, ಎಡಗಡೆ," ಎಂದು ಸಿಸ್ಟರ್ ಮತ್ತೆ ಮತ್ತೆ ಹೇಳುತ್ತಿದ್ದರು. ನಾನು ನೋಡಿದ್ದೇನೆ ಎಂದೇ ಹೇಳುತ್ತಿದ್ದೆ.

ಗುರುವಾರ ನಾನೊಂದು ಉಪಾಯ ಕಂಡುಕೊಂಡೆ. ಇಳಿದ ಕೂಡಲೇ ಯಾವುದಾದರೂ ಪಾಳು ಮನೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಹೊರಗೆ ಜನ ಕಾದಾಡಿ ಸಾಯುತ್ತಿದ್ದರು. ನಾನು ಬಚ್ಚಲಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಬದುಕಿ ಉಳಿದವರ ಪಟ್ಟಿಯಲ್ಲಿ ನಾನು ಮೇಲೆ ಮೇಲೆ ಹೋಗತೊಡಗಿದೆ. ಏನೂ ಮಾಡದೆ ಇಷ್ಟು ಮುಂದೆ ಬಂದದ್ದು ವಕೀಲಿಯಲ್ಲಿಯೂ ಆಗಿರಲಿಲ್ಲ. ಆದರೆ ಈ ಆಟದಲ್ಲಿ ಯುದ್ಧಭೂಮಿಯ ಸುತ್ತ ಒಂದು ನೀಲಿ ಗೋಡೆ ಇದೆ. ಅದು ಹೊತ್ತು ಹೋದಂತೆ ಒಳಗೊಳಗೆ ಬರುತ್ತದೆ, ಹೊರಗುಳಿದವನು ಸಾಯುತ್ತಾನೆ. ಅದು ನನ್ನ ಬಚ್ಚಲಿಗೆ ಬಂತು. ನಮ್ಮ ಗದ್ದೆ ಹೋದಾಗಲಾದರೂ ಮೊದಲು ಒಂದು ನೋಟೀಸು ಬಂದಿತ್ತು.

"ಹೊರಗೆ ಓಡಿ," ಎಂದರು ಸಿಸ್ಟರ್.

"ಓಡುವುದಿಲ್ಲ. ಇದು ಅನ್ಯಾಯ."

"ಅನ್ಯಾಯ ಹೌದು. ಓಡಿ."

ಓಡಲಿಲ್ಲ. ಆ ಮನೆಯಲ್ಲಿ ನನ್ನ ಸ್ವಾಧೀನ ಕಾನೂನುಬದ್ಧವಾಗಿತ್ತು.

ಶುಕ್ರವಾರ ಕಾರಿನ ಆಟಕ್ಕೆ ಮರಳಿದೆ. ಸಿಸ್ಟರ್ ಹೇಳಿದ್ದು ಸುಳ್ಳಲ್ಲ, ಬೆರಳುಗಳು ಸ್ವಲ್ಪ ಎಚ್ಚೆತ್ತಿದ್ದವು. ಎಲ್ಲರನ್ನೂ ಮುಂದೆ ಹೋಗಲು ಬಿಟ್ಟು ಹಿಂದಿನಿಂದ ನಿಧಾನವಾಗಿ ಹೋದರೆ ತಾಗಲು ಯಾರೂ ಇರುವುದಿಲ್ಲ ಎಂಬ ಸತ್ಯವೂ ತಿಳಿಯಿತು. ಸಂಜೆ ಅಕ್ಕ ಮುಂಬಯಿಯಿಂದ ಫೋನು ಮಾಡಿದಳು.

"ಭಾನುವಾರ ನೀನೇ ಬರ್ತಿ ಅಲ್ವಾ? ಎರಡು ಪೆಟ್ಟಿಗೆ ಉಂಟು."

"ನಾನಲ್ಲದೆ ಇನ್ಯಾರು ಬರ್ತಾರೆ?" ಎಂದೆ. ಸೊಸೆ ಅಡುಗೆಮನೆಯಿಂದ ಹೊರಗೆ ಬಂದು ನನ್ನ ಮುಖ ನೋಡಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೇಳಿದಳು.

"ಮಾಮ, ಆ ಸ್ಕೂಟರಿನ ಮೇಲೆ ಯಾರಾದ್ರೂ ಕೂತಿದ್ರೆ?"

"ಕೂತಿರ್ಲಿಲ್ಲ."

"ಕೂತಿದ್ರೆ?"

ಈ ಪ್ರಶ್ನೆಯನ್ನು ಬೇರೆಯವರಿಗೆ ನಾನು ಎಷ್ಟೋ ಸಲ ಹಾಕಿದ್ದೇನೆ. ಹಾಕಿದ ಮೇಲೆ ಸುಮ್ಮನೆ ನಿಂತು ಕಾಯಬೇಕು ಎಂಬುದೂ ನನಗೆ ಗೊತ್ತು. ಅವಳೂ ಹಾಗೆಯೇ ಮಾಡಿದಳು. ನಾನು ಎದ್ದು ಬಾಲ್ಕನಿಗೆ ಹೋದೆ.

ಶನಿವಾರ ಸಂಜೆ ಸಿಸ್ಟರ್ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ನ್ಯಾಯಪೀಠಕ್ಕೆಂದು ಊಟದ ಮೇಜಿನ ಕುರ್ಚಿಯನ್ನು ಟಿವಿಯ ಪಕ್ಕ ಹಾಕಿದ್ದೆವು. ಸೊಸೆ ನನ್ನ ಬಲಕ್ಕೆ ಕುಳಿತಳು. ನಾನು ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡಿದ್ದೆ. ಕಾರು ಓಡಿಸುವಾಗ ನಾನು ಯಾವತ್ತೂ ಪ್ಯಾಂಟಿನಲ್ಲೇ ಇರುವವನು.

ಯಾವುದೋ ದೂರದೇಶದ ಗುಡ್ಡ. ಮಂಜು, ಕಡಿದಾದ ತಿರುವುಗಳು, ಒಂದು ಬದಿಗೆ ಕಣಿವೆ. ಬಿಟ್ಟೊಡನೆ ಎಲ್ಲರೂ ಹುಚ್ಚರ ಹಾಗೆ ಧಾವಿಸಿದರು. ಅವರನ್ನು ಹೋಗಲು ಬಿಟ್ಟೆ. ಒಬ್ಬ ಮಾತ್ರ, ಒಂದು ಕಪ್ಪು ಕಾರಿನವನು, ಆರಂಭದಲ್ಲೇ ಬೇಲಿಗೆ ಗುದ್ದಿ ಹಿಂದೆ ಉಳಿದಿದ್ದ. ನಾನು ಪ್ರತಿ ತಿರುವಿಗೂ ಹಾರ್ನ್ ಹೊಡೆದೆ. ಗೇರು ಇಳಿಸಿದೆ. ಕಣಿವೆಯ ಬದಿಗೆ ಹೋಗಲಿಲ್ಲ. ಬಜಪೆಯ ಗುಡ್ಡವನ್ನು ಇಳಿಸಿದಂತೆಯೇ ಇಳಿಸಿದೆ. ಅರ್ಧ ದಾರಿ ಕಳೆಯಿತು, ಒಂದು ಗೀರೂ ಇಲ್ಲ. ಸೊಸೆಯ ಉಸಿರು ಕೇಳುತ್ತಿತ್ತು. ಸಿಸ್ಟರ್ ಕುರ್ಚಿಯಲ್ಲಿ ಮುಂದೆ ಬಾಗಿದ್ದರು.

ಒಂದು ತಿರುವು ಕಳೆದ ಕೂಡಲೇ, ಮರದ ಬುಡದಲ್ಲಿ, ಒಂದು ಸಣ್ಣ ಕಲ್ಲಿನ ಗುಡಿ. ಮೇಲೆ ಇಳಿಜಾರು ಮಾಡು, ಒಳಗೆ ಮಿಣುಕು ದೀಪ, ಎದುರು ಒಂದು ಪೆಟ್ಟಿಗೆ.

ನಮ್ಮ ಕಡೆ ರಸ್ತೆ ಬದಿಯಲ್ಲಿ ದೈವದ ಕಟ್ಟೆ, ಕಾಣಿಕೆ ಡಬ್ಬಿ ಬಂದರೆ ವಾಹನ ಓಡಿಸುವವನು ಹಾಗೆಯೇ ದಾಟಿ ಹೋಗುವುದಿಲ್ಲ. ಬಸ್ಸಾದರೆ ಕಂಡಕ್ಟರ್ ಇಳಿದು ನಾಣ್ಯ ಹಾಕುತ್ತಾನೆ. ಕಾರಾದರೆ ನಿಧಾನ ಮಾಡಿ, ನಾಣ್ಯವಿದ್ದರೆ ಹಾಕಿ, ಇಲ್ಲದಿದ್ದರೆ ಸಣ್ಣದೊಂದು ಹಾರ್ನ್ ಕೊಟ್ಟು, ಕೈಯನ್ನು ಎದೆಗೆ ಮುಟ್ಟಿಸಿ ಮುಂದೆ ಹೋಗಬೇಕು. ರಸ್ತೆ ಆ ದೈವದ ಕಾವಲಿನದು. ಇದನ್ನು ಯಾರೂ ನಮಗೆ ಕಲಿಸಿದ್ದಲ್ಲ. ಬ್ರೇಕು ಕಲಿತ ಹಾಗೆ ಇದೂ ಬಂದದ್ದು.

ನಾನು ನಿಧಾನ ಮಾಡಿದೆ. ಹಾರ್ನ್ ಕೊಟ್ಟೆ. ಕಾರು ನಿಂತಿತು. ಬಲಗೈ ಕಂಟ್ರೋಲರನ್ನು ಬಿಟ್ಟು ಎದೆಗೆ ಬಂತು.

ಕಪ್ಪು ಕಾರಿನವನು ತಿರುವಿನಿಂದ ಹೊರಬಂದು ನನ್ನ ಹಿಂಭಾಗಕ್ಕೆ ಗುದ್ದಿದ.

ಟಿವಿಯಲ್ಲಿ ಹೆಂಗಸಿನ ಧ್ವನಿ ಏನೋ ಹುರಿದುಂಬಿಸುತ್ತಿತ್ತು. ನಾನು ಎದ್ದು ನಿಂತು ವಾದ ಮಂಡಿಸಿದೆ. ನಿಂತ ವಾಹನಕ್ಕೆ ಹಿಂದಿನಿಂದ ಗುದ್ದಿದವನೇ ಹೊಣೆ ಎಂಬುದು ಕಾನೂನು ಕಲಿಯಲು ಹೋದವನಿಗೆ ಮೊದಲ ತಿಂಗಳಲ್ಲೇ ತಿಳಿಯುವ ವಿಚಾರ. ನಾನು ತಾಗಿಲ್ಲ, ನನಗೆ ತಾಗಿಸಲಾಗಿದೆ. ಹಾರ್ನ್ ಕೊಟ್ಟಿದ್ದೆ. ಕಪ್ಪು ಕಾರಿನವನ ನಡತೆ ಆರಂಭದಿಂದಲೇ ಸಂಶಯಾಸ್ಪದವಾಗಿತ್ತು. ಮೇಲಾಗಿ ದೈವದ ಎದುರು ನಿಲ್ಲಿಸುವುದು ಈ ಸೀಮೆಯ ರೂಢಿ, ರೂಢಿಗೂ ಕಾನೂನಿನಲ್ಲಿ ಬೆಲೆ ಉಂಟು.

"ಅದು ನಮ್ಮ ದೈವ ಅಲ್ಲ ಮಾಮ," ಎಂದಳು ಸೊಸೆ. ಅವಳ ಧ್ವನಿ ಸಣ್ಣದಾಗಿತ್ತು. "ಅದು ಅಲ್ಲಿ ಯಾರೋ ಡ್ರಾಯಿಂಗ್ ಮಾಡಿ ಇಟ್ಟದ್ದು."

"ಹಾಗಾದ್ರೆ ನಿನ್ನ ಕೈ ಯಾಕೆ ಅಲ್ಲಿ ಉಂಟು?"

ಅವಳ ಕೈ ಅವಳ ಎದೆಯ ಮೇಲಿತ್ತು. ಅವಳಿಗೆ ಗೊತ್ತಿರಲಿಲ್ಲ. ಕೆಳಗೆ ನೋಡಿ ನಿಧಾನವಾಗಿ ತೆಗೆದಳು.

ನಾನು ನ್ಯಾಯಪೀಠದ ಕಡೆ ತಿರುಗಿದೆ. ಎದುರುದಾರಳೂ ಅದೇ ಕ್ಷಣ ಅದೇ ಕೆಲಸ ಮಾಡಿದ್ದಾಳೆ, ಇದನ್ನು ದಾಖಲೆಗೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸಿದೆ. ಅದಕ್ಕಿಂತ ಬಲವಾದ ಸಾಕ್ಷ್ಯ ನನ್ನ ಇಡೀ ವೃತ್ತಿಯಲ್ಲಿ ನನಗೆ ದೊರಕಿರಲಿಲ್ಲ.

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಅವಳ ಕೈಯಲ್ಲಿ ಸ್ಟಿಯರಿಂಗ್ ಇರ್ಲಿಲ್ಲ ವಕೀಲ್ರೇ."

ನಾನು ಬಾಯಿ ತೆರೆದೆ. ಮೇಲ್ಮನವಿಗೆ ಅವಕಾಶವಿದೆಯೇ ಎಂದು ಕೇಳಬೇಕೆಂದಿದ್ದೆ. ಟಿವಿಯಲ್ಲಿ ರಿವೈಂಡ್ ಗುಂಡಿಯ ಗುರುತು ಒಂದು ಮೂಲೆಯಲ್ಲಿ ಮಿನುಗುತ್ತಿತ್ತು, ಒತ್ತಿ ಎಂಬಂತೆ. ಸೊಸೆಯೂ ಅದನ್ನು ನೋಡಿದಳು. ನಾನು ಕಂಟ್ರೋಲರನ್ನು ಮೇಜಿನ ಮೇಲೆ ಇಟ್ಟೆ.

"ಚಹಾ ಮಾಡ್ತೇನೆ," ಎಂದು ಸೊಸೆ ಎದ್ದಳು.

"ನನಗೆ ಸಕ್ಕರೆ ಬೇಡ," ಎಂದರು ಸಿಸ್ಟರ್.

ಈ ತೀರ್ಪನ್ನು ನಾನು ಇಂದಿಗೂ ಒಪ್ಪಿಲ್ಲ. ಹಿಂದಿನಿಂದ ಗುದ್ದಿದ ಕಪ್ಪು ಕಾರಿನವನ ಮೇಲೆ ಯಾವ ಕ್ರಮವೂ ಆಗಿಲ್ಲ. ಅವನು ರೇಸು ಮುಗಿಸಿದನೆಂದೂ ಅದಕ್ಕಾಗಿ ಅವನಿಗೆ ಅಂಕ ಸಿಕ್ಕಿತೆಂದೂ ಟಿವಿ ತೋರಿಸಿತು. ಇಂಥ ಲೋಕದಲ್ಲಿ ಎಳೆಯರು ಸಂಜೆಗಳನ್ನು ಕಳೆಯುತ್ತಿದ್ದಾರೆ ಎಂಬುದನ್ನು ಸಂಬಂಧಪಟ್ಟವರು ಗಂಭೀರವಾಗಿ ಪರಿಗಣಿಸಬೇಕು. ಸಂಬಂಧಪಟ್ಟವರು ಯಾರೆಂದು ಒಪ್ಪಂದಪತ್ರದಲ್ಲಿ ಬರೆದಿಲ್ಲ.

ಭಾನುವಾರ ಅಕ್ಕ ಬಜಪೆಯಲ್ಲಿ ಇಳಿದಳು. ಕಾರು ಓಡಿಸಿದ್ದು ಅವಳ ಮಗಳು. ನಾನು ಪಕ್ಕದ ಸೀಟಿನಲ್ಲಿ ಕುಳಿತು ಹೋಗಿ, ಹಿಂದಿನ ಸೀಟಿನಲ್ಲಿ ಒಂದು ಪೆಟ್ಟಿಗೆಯ ಜೊತೆ ಕುಳಿತು ಬಂದೆ.